ಮಗಳ ಮೊದಲ ರೊಟ್ಟಿ

ಮಗಳಿಗೆ ಒಂಬತ್ತು ತಿಂಗಳು. ಬೆಂಗಳೂರಿಂದ ಕೊಂಕಲ್‌ಗೆ ಹೋದಾಗೆಲ್ಲ ಅವಳನ್ನ ಎತ್ಕೊಂಡು ಶಹಾಪುರ, ಸುರಪುರದ ಖಾನಾವಳಿ ಸುತ್ತೋದು ನಮ್ಮ ಹೊಸ ಚಟ. ನಮಗೆ ಮಿರ್ಚಿ ಭಜಿ, ಅವಳಿಗೆ ಬೇಳೆಕಟ್ಟಿನಲ್ಲಿ ನೆನೆಸಿ ಕಿವುಚಿದ ಜೋಳದ ರೊಟ್ಟಿ. ಮೆಣಸಿನಕಾಯಿ ಪೋರ್ಚುಗೀಸರ ಹಡಗು ಹತ್ತಿ ನಿನ್ನೆ ಮೊನ್ನೆ ಬಂದದ್ದು. ಜೋಳವೂ ವಲಸಿಗನೇ, ಆಫ್ರಿಕಾದ್ದು. ಆದರೆ ಬಂದು ಸಾವಿರಾರು ವರ್ಷ ಆಯ್ತು. ಇಂಥ ಹಳೇ ನೆಂಟನನ್ನ ಹಿಂದೆ ಸರಿಸಿದ್ದು ಕೃಷ್ಣೆಯ ಕಾಲುವೆ. 1982ರಲ್ಲಿ ನಾರಾಯಣಪುರ ಅಣೆಕಟ್ಟು ಮುಗೀತು, ಆಮೇಲೆ ಶಹಾಪುರ, ಸುರಪುರದ ಎಷ್ಟೋ ಜೋಳದ ಹೊಲ ಭತ್ತದ ಗದ್ದೆಯಾದವು. ನೀರು ಬಂದದ್ದು ತಪ್ಪು ಅನ್ನಲಾರೆ. ಅದಿಲ್ಲದ ಊರವರು ಇನ್ನೂ ಗುಳೆ ಹೋಗ್ತಾರೆ. ಆದ್ರೂ ಮೊನ್ನೆ ಖಾನಾವಳಿಯವನು 'ರೊಟ್ಟಿ ಮುಗದಾವ್ರಿ, ಅನ್ನ ಐತಿ' ಅಂದಾಗ ಹೊಟ್ಟೆ ಚುರ್ ಅಂತು. ಅವ್ವ ಚೀಲದಿಂದ ಬೆಳಗಿನ ರೊಟ್ಟಿ ತೆಗೆದಳು.