ಧಾರವಾಡದ ಸಾವಿರ ಮಕ್ಕಳು ಮತ್ತು ನಮ್ಮ ಅಳಿಯ

2009ರ ಮಾತು. ತಂಗಿಯ ಸಂಸಾರ ಧಾರವಾಡದಿಂದ ನಮ್ಮ ಡೊಂಬಿವಲಿಗೆ ಬಂದು ಐದು ತಿಂಗಳೂ ಆಗಿರಲಿಲ್ಲ. ಅವಳ ಮಗನಿಗೆ ಆಗ ಎಂಟು ವರ್ಷ. ಹುಡುಗ ಹಿಂದೆ ಬೀಳುತ್ತಾನೆ, ಒಮ್ಮೆ ಟೆಸ್ಟ್ ಮಾಡಿಸಿ ಅಂದರು ಟೀಚರು. ಮಾಡಿಸಿದೆವು. ಮುಕ್ಕಾಲು ಗಂಟೆ ಒಳಗೆ ಕೂರಿಸಿಕೊಂಡು ಕೈಗೊಂದು ಕಾಗದ ಕೊಟ್ಟರು. ಐಕ್ಯೂ 58. ರಿಕ್ಷಾದಲ್ಲಿ ತಂಗಿ ಹೇಳಿದ್ದು ಒಂದೇ ಮಾತು: “ಅಣ್ಣಾ, ಅವರು ಹಿಂದಿ ಒಳಗ ಕೇಳಿದ್ರು. ಇವಂಗ ಹಿಂದಿ ಎಲ್ಲಿ ಬರ್ತದ?”

ದೀಪಾವಳಿ ರಜೆಯಲ್ಲಿ ಧಾರವಾಡಕ್ಕೆ ಕರೆದುಕೊಂಡು ಹೋಗಿ ಕನ್ನಡದಲ್ಲೇ ಇನ್ನೊಮ್ಮೆ ಮಾಡಿಸಿದೆವು. ಈ ಸಲ 74. ವರದಿಯಲ್ಲಿ ಪರೀಕ್ಷೆಯ ಹೆಸರು ‘ಬಿನೆ-ಕಾಮತ್’ ಎಂದಿತ್ತು. ಬಿನೆ ಯಾರೋ ಪರದೇಶದವರು ಇರಬೇಕು, ಈ ಕಾಮತರು ಯಾರಪ್ಪಾ? ನಾನು ಬಿಕಾಂ ಓದಿದವನು, ಮನಃಶಾಸ್ತ್ರದ ಗಂಧ ಇಲ್ಲ. ಆದರೆ ಲೆಕ್ಕ ತಾಳೆಯಾಗದಿದ್ದರೆ ನಿದ್ದೆ ಬರುವುದಿಲ್ಲ, ವೃತ್ತಿಯ ಅಭ್ಯಾಸ. ಅಂದಿನಿಂದ ಸಿಕ್ಕಿದ್ದೆಲ್ಲ ಓದಿದೆ.

ಕಥೆ ಪ್ಯಾರಿಸ್ಸಿನಿಂದ ಶುರು. 1904ರಲ್ಲಿ ಫ್ರೆಂಚ್ ಸರಕಾರ ಒಂದು ಸಮಿತಿ ಮಾಡಿತು. ಮಾಮೂಲು ತರಗತಿಯಲ್ಲಿ ಕಲಿಯಲಾಗದ ಮಕ್ಕಳನ್ನು ಗುರುತಿಸಿ ವಿಶೇಷ ಪಾಠ ಕೊಡುವುದು ಹೇಗೆ ಎಂಬುದು ಅದರ ಮುಂದಿದ್ದ ಪ್ರಶ್ನೆ. ಆ ಸಮಿತಿಯಲ್ಲಿದ್ದವರು ಆಲ್ಫ್ರೆಡ್ ಬಿನೆ. ಮನೆಯಲ್ಲಿ ತಮ್ಮ ಇಬ್ಬರು ಹೆಣ್ಣುಮಕ್ಕಳಿಗೇ ಚಿಕ್ಕಪುಟ್ಟ ಪ್ರಶ್ನೆ ಕೇಳಿ ಕೇಳಿ ಬರೆದಿಟ್ಟುಕೊಂಡಿದ್ದ ಮನುಷ್ಯ! 1905ರಲ್ಲಿ ವೈದ್ಯ ಸಿಮೋನ್ ಜೊತೆ ಸೇರಿ, ಸುಲಭದಿಂದ ಕಷ್ಟದ ಕಡೆಗೆ ಹೋಗುವ 30 ಪ್ರಶ್ನೆ-ಕೆಲಸಗಳ ಪಟ್ಟಿ ಹೊರತಂದರು. 1908ರಲ್ಲಿ ಅದನ್ನೇ ವಯಸ್ಸಿನ ಪ್ರಕಾರ ಜೋಡಿಸಿದರು. ಅದರಲ್ಲಿ ನನಗೆ ಇಷ್ಟವಾದದ್ದು ಚಿಲ್ಲರೆಯ ಲೆಕ್ಕ. ಅಂಗಡಿ ಆಟ ಆಡಿಸಿ, ಮಗು 20 ಸೂಗೆ ಚಿಲ್ಲರೆ ಸರಿಯಾಗಿ ವಾಪಸು ಕೊಡುತ್ತದೋ ನೋಡುವುದು. ನಮ್ಮ ಕ್ಯಾಶ್ ಕೌಂಟರಿನ ಪರೀಕ್ಷೆಯೇ ಸರಿ.

ಬಿನೆ 1911ರಲ್ಲಿ ತೀರಿಕೊಂಡರು. ಬುದ್ಧಿ ಎಂಬುದು ಹುಟ್ಟಿನಿಂದ ಇಷ್ಟೇ ಎಂದು ನಿಗದಿಯಾಗಿರುತ್ತದೆ ಅನ್ನುವವರ ಮೇಲೆ ಅವರಿಗೆ ಸಿಟ್ಟಿತ್ತು, ಹಾಗೆಂದು ಬರೆದೂ ಇದ್ದಾರೆ. ಅವರು ಹೋದ ಮೇಲೆ ಆದದ್ದು ಬೇರೆ. 1912ರಲ್ಲಿ ಜರ್ಮನಿಯ ಸ್ಟರ್ನ್ ಮಾನಸಿಕ ವಯಸ್ಸನ್ನು ನಿಜ ವಯಸ್ಸಿನಿಂದ ಭಾಗಿಸಿದರು. 1916ರಲ್ಲಿ ಅಮೆರಿಕದ ಟರ್ಮನ್ ಅದನ್ನು ನೂರರಿಂದ ಗುಣಿಸಿ ಐಕ್ಯೂ ಎಂದು ಚಲಾವಣೆಗೆ ಬಿಟ್ಟರು. ದೊಡ್ಡವರನ್ನೂ ಬಿಡಲಿಲ್ಲ. 1917ರಲ್ಲಿ ವುಡ್‌ವರ್ತ್ ಎಂಬವರು, ಯುದ್ಧದಲ್ಲಿ ಮನಸ್ಸು ಕುಸಿಯಬಹುದಾದ ಸೈನಿಕರನ್ನು ಮೊದಲೇ ಗುರುತಿಸಲು ಹೌದು-ಅಲ್ಲ ಪ್ರಶ್ನಾವಳಿ ತಯಾರಿಸಿದರು. ಅದು ಕೆಲಸಕ್ಕೆ ಬರುವಷ್ಟರಲ್ಲಿ ಯುದ್ಧವೇ ಮುಗಿದಿತ್ತು.

ಈಗ ನಮ್ಮೂರಿಗೆ ಬರೋಣ. ಧಾರವಾಡ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತಲ್ಲ. ಅಲ್ಲಿ ವಿ. ವಿ. ಕಾಮತ್ ಅವರು ಟರ್ಮನ್‌ರ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಹೊಂದಿಸಿದರು. ಸುಮ್ಮನೆ ಅನುವಾದ ಮಾಡಿದರೆ ಆಗುವುದಿಲ್ಲ. ಯಾವ ವಯಸ್ಸಿಗೆ ಯಾವ ಪ್ರಶ್ನೆ ಎಂಬುದನ್ನು ಇಲ್ಲಿನ ಮಕ್ಕಳನ್ನೇ ಕೇಳಿ ಗೊತ್ತುಮಾಡಬೇಕು. ಸಾವಿರಕ್ಕೂ ಹೆಚ್ಚು ಧಾರವಾಡದ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ಕೇಳಿದರು. 1934ರಲ್ಲಿ ಇದರ ಲೇಖನ ಬ್ರಿಟಿಷ್ ಪತ್ರಿಕೆಯೊಂದರಲ್ಲಿ ಬಂತು, 1940ರಲ್ಲಿ ಆಕ್ಸ್‌ಫರ್ಡ್‌ನವರು ಪುಸ್ತಕ ಮಾಡಿದರು. ಇದಕ್ಕೆ ‘ಬಾಂಬೆ-ಕರ್ನಾಟಕ ಪರಿಷ್ಕರಣೆ’ ಎಂದು ಹೆಸರು. ಮುಂಬಯಿ ಕನ್ನಡಿಗರಾದ ನಾವು ಎದೆ ಉಬ್ಬಿಸಿಕೊಳ್ಳಬಹುದಾದ ಹೆಸರು. ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ?

ಆದರೆ ಈ ಹೆಮ್ಮೆಯಲ್ಲೇ ಒಂದು ತೊಡಕಿದೆ. ಬ್ಯಾಂಕಿನವರಿಗೆ ಕೂಡಲೇ ತಿಳಿಯುತ್ತದೆ. ನಾನು ಕೆಲಸಕ್ಕೆ ಸೇರಿದಾಗ ನಮ್ಮ ತುಟ್ಟಿಭತ್ಯೆಯ ಲೆಕ್ಕ 1960=100 ಸೂಚ್ಯಂಕದ ಮೇಲೆ ನಡೆಯುತ್ತಿತ್ತು. 2016ರ ಆಧಾರ ವರ್ಷಕ್ಕೆ ಬದಲಾದದ್ದು 2024ರ ವೇತನ ಒಪ್ಪಂದದಲ್ಲಿ. ಅಲ್ಲಿ ಹಳೆಯ ಅಂಕಿಯನ್ನು ಹೊಸದಕ್ಕೆ ಹೊಂದಿಸುವ ಗುಣಕವಾದರೂ ಇತ್ತು. ಕಾಮತರ ಆಧಾರ ವರ್ಷವೋ 1930ರ ದಶಕ! 1984ರಲ್ಲಿ ಫ್ಲಿನ್ ಎಂಬ ವಿದ್ವಾಂಸರು ತೋರಿಸಿದ ಪ್ರಕಾರ ಅಮೆರಿಕದ ಮಕ್ಕಳ ಅಂಕ ಹತ್ತು ವರ್ಷಕ್ಕೆ ಸುಮಾರು ಮೂರರಂತೆ ಏರುತ್ತಾ ಬಂದಿತ್ತು. ಅಂದರೆ ಹಳೆಯ ಅಳತೆಗೋಲಿನಲ್ಲಿ ಇವತ್ತಿನ ಮಗು ಇದ್ದದ್ದಕ್ಕಿಂತ ಎತ್ತರ ಕಾಣುತ್ತದೆ.

ಎತ್ತರ ಕಂಡರೆ ಒಳ್ಳೆಯದೇ ಅಲ್ಲವೇ ಅಂತೀರಾ? ಅಲ್ಲ. ಆಗಿನ ನಿಯಮದಂತೆ 70ರ ಕೆಳಗಿದ್ದರೆ ಸರಕಾರಿ ಪ್ರಮಾಣಪತ್ರ, ಸವಲತ್ತು. 70ರ ಮೇಲೆ ‘ಗಡಿರೇಖೆ’, ಅದಕ್ಕೆ ಶೇಕಡಾ 25. ಬೇಕಾದದ್ದು ಕನಿಷ್ಠ 40. ಡೊಂಬಿವಲಿಯ 58 ಹಿಡಿದರೆ ಹುಡುಗನಿಗೆ ನೆರವು ಸಿಗುತ್ತದೆ, ಆದರೆ ಅದು ತಿಳಿಯದ ಭಾಷೆಯಲ್ಲಿ ಕೇಳಿ ಬಂದ ಅಂಕ. ಧಾರವಾಡದ 74 ಹಿಡಿದರೆ ಅವನ ಮಾತಿಗೆ ನ್ಯಾಯ ಸಿಕ್ಕಿತು, ನೆರವು ಹೋಯಿತು. ಎರಡರಲ್ಲಿ ಯಾವುದನ್ನು ಕಡತಕ್ಕೆ ಹಾಕುವುದು? ಭಾವ ಮೊದಲನೆಯದು ಅಂದರು. ತಂಗಿ ಆ ಕಾಗದವನ್ನು ಮುಟ್ಟಲೂ ಇಲ್ಲ. ನಾನು ಯಾವತ್ತೂ ಭಾವನ ಪಕ್ಷ ವಹಿಸಿದವನಲ್ಲ, ಅವತ್ತು ವಹಿಸಿದೆ. ತಂಗಿ ಮೂರು ವಾರ ನನ್ನ ಜೊತೆ ಮಾತು ಬಿಟ್ಟಳು. ಕೊನೆಗೆ ಎರಡನ್ನೂ ಕೊಡದೆ, ಟ್ಯೂಷನ್ ಹಿಡಿಸಿದ್ದಾಯಿತು.

ಅಂದ ಹಾಗೆ ಧಾರವಾಡದಲ್ಲಿ ತಂಗಿಗೂ ಪ್ರಶ್ನೆಗಳಿದ್ದವು. ಅದು ವೈನ್‌ಲ್ಯಾಂಡ್ ಪ್ರಶ್ನಾವಳಿ. 1935ರಲ್ಲಿ ಅಮೆರಿಕದ ಎಡ್ಗರ್ ಡಾಲ್ ಮಾಡಿದ್ದು, ನಾಗಪುರದಲ್ಲಿ ಮಾಲಿನ್ ಎಂಬವರು ನಮ್ಮ ದೇಶಕ್ಕೆ ಹೊಂದಿಸಿದ್ದು. ಇಲ್ಲಿ ಮಗುವನ್ನು ಕೇಳುವುದಿಲ್ಲ, ಬಲ್ಲವರನ್ನು ಕೇಳುತ್ತಾರೆ. ತಾನೇ ಗುಂಡಿ ಹಾಕಿಕೊಳ್ಳುತ್ತಾನೆಯೇ, ಒಬ್ಬನೇ ಶಾಲೆಗೆ ಹೋಗುತ್ತಾನೆಯೇ, ಕೈಗೆ ದುಡ್ಡು ಕೊಡಬಹುದೇ. ಡೊಂಬಿವಲಿ ಸ್ಟೇಷನ್ ರಸ್ತೆಯಲ್ಲಿ ಎಂಟು ವರ್ಷದವನನ್ನು ಯಾವ ತಾಯಿ ಒಬ್ಬನೇ ಬಿಡುತ್ತಾಳೆ ಹೇಳಿ! ಡಾಲ್ ಅವರ ಮೂಲ ಪಟ್ಟಿಯಲ್ಲಂತೂ ಚಾಕುವಿನಿಂದ ಬೆಣ್ಣೆ ಸವರುವ ಪ್ರಶ್ನೆಯೂ ಇತ್ತು. ನಮ್ಮ ಮನೆಯಲ್ಲಿ ಬೆಣ್ಣೆ ರೊಟ್ಟಿಯ ಮೇಲೆ ಬೆರಳಿನಿಂದಲೇ.

ಹುಡುಗನಿಗೆ ಈಗ ಇಪ್ಪತ್ತು ದಾಟಿದೆ. ಅಪ್ಪನ ಅಂಗಡಿಯಲ್ಲಿ ಕೂರುತ್ತಾನೆ. ಚಿಲ್ಲರೆ ಎರಡು ಸಲ ಎಣಿಸುತ್ತಾನೆ, ಗಿರಾಕಿಗಳು ಗೊಣಗುತ್ತಾರೆ.

ನಮ್ಮ ಅಪ್ಪ ಹುಟ್ಟಿದ್ದು 1926ರಲ್ಲಿ, ಓದಿದ್ದು ಧಾರವಾಡದಲ್ಲೇ. ಕಾಮತರು ಕೂರಿಸಿ ಕೇಳಿದ ಆ ಸಾವಿರದಲ್ಲಿ ಅವರೂ ಒಬ್ಬರಿದ್ದರೇ? ಕೇಳೋಣವೆಂದರೆ ಅಪ್ಪ ಇಲ್ಲ. ನಿಮ್ಮ ಮನೆಯ ಹಿರಿಯರು ಯಾರಾದರೂ ಇಂಥ ಪರೀಕ್ಷೆಯ ಮಾತು ಆಡಿದ್ದರೆ ದಯವಿಟ್ಟು ತಿಳಿಸಿ. ಕಾಮತರ ಪುಸ್ತಕದ ಹಳೆಯ ಪ್ರತಿ ಯಾರ ಅಟ್ಟದಲ್ಲಾದರೂ ಇದ್ದರೆ ಝೆರಾಕ್ಸ್ ಖರ್ಚು ನನ್ನದು.