ಮತ್ತೆ ಮತ್ತೆ ಸ್ಫೋಟಿಸುವ ನಕ್ಷತ್ರಗಳು: ನಡುವಿನ ವರ್ಷಗಳಲ್ಲಿ ಏನಾಗುತ್ತದೆ?

ಟಿ ಕೊರೋನೆ ಬೋರಿಯಾಲಿಸ್ ಎಂಬ ನಕ್ಷತ್ರ 2024ರ ಸೆಪ್ಟೆಂಬರ್ ಒಳಗೆ ಸ್ಫೋಟಿಸಬಹುದು ಅಂತ ದೊಡ್ಡ ಸುದ್ದಿಯಾಗಿತ್ತು. ಆ ತಿಂಗಳು ಕಳೆಯಿತು, ಏನೂ ಆಗಲಿಲ್ಲ. ಹಾಗಾದ್ರೆ ವಿಜ್ಞಾನಿಗಳು ಹೇಳಿದ್ದು ಸುಳ್ಳಾ? ಅಲ್ಲ. ಈ ಲೆಕ್ಕ ಯಾಕೆ ಕಷ್ಟ ಅಂತ ತಿಳಿಯೋಣ.

ಏನಿದು?
ಇದು ಜೋಡಿ ನಕ್ಷತ್ರ. ಒಂದು ಶ್ವೇತಕುಬ್ಜ: ಗಾತ್ರ ಹೆಚ್ಚುಕಡಿಮೆ ಭೂಮಿಯಷ್ಟು, ತೂಕ ಸೂರ್ಯನಿಗಿಂತ ಹೆಚ್ಚು. ಇನ್ನೊಂದು ಉಬ್ಬಿದ ಕೆಂಪು ದೈತ್ಯ. ದೈತ್ಯನ ಜಲಜನಕ ಶ್ವೇತಕುಬ್ಜದ ಮೇಲೆ ಸುರಿದು ಪದರವಾಗಿ ಕೂಡುತ್ತದೆ. ಒತ್ತಡ, ಬಿಸಿ ಮಿತಿ ಮೀರಿದಾಗ ಆ ಪದರ ಸಿಡಿಯುತ್ತದೆ. ನಕ್ಷತ್ರ ನಾಶವಾಗುವುದಿಲ್ಲ, ಮತ್ತೆ ಕೂಡಿಡಲು ಶುರು ಮಾಡುತ್ತದೆ. ಸಾಮಾನ್ಯ ನೋವಾಗಳಿಗೆ ಇದಕ್ಕೆ ಸಾವಿರಾರು ವರ್ಷ ಬೇಕು. ನೂರು ವರ್ಷದೊಳಗೆ ಮತ್ತೆ ಸಿಡಿಯುವುದೇ ಪುನರಾವರ್ತಿತ ನೋವಾ. ನಮ್ಮ ಗ್ಯಾಲಕ್ಸಿಯಲ್ಲಿ ಗೊತ್ತಿರುವುದು ಸುಮಾರು 10 ಮಾತ್ರ.

ಮೌನದ ದಿನಗಳು
ಹೊರಗಿನಿಂದ ಮೌನ, ಒಳಗೆ ಕೆಲಸ ನಿಲ್ಲುವುದಿಲ್ಲ. ಸುರಿಯುವ ಅನಿಲ ತಟ್ಟೆಯಂತೆ ಸುತ್ತುವುದರಿಂದ ಬೆಳಕು ನಿಮಿಷಗಳಲ್ಲೇ ಏರಿಳಿಯುತ್ತದೆ. ಆರ್‌ಎಸ್ ಒಫಿಯುಚಿ 2006ರಲ್ಲಿ ಸಿಡಿದ ಮೇಲೆ ಈ ಮಿನುಗು ನಿಂತು, ಕೆಲವು ತಿಂಗಳ ನಂತರ ಮರಳಿತು. ಅಂದರೆ ತಟ್ಟೆ ಮತ್ತೆ ಕಟ್ಟಿಕೊಂಡಿತು.

ಆದರೆ ಸುರಿಯುವ ವೇಗ ಸದಾ ಒಂದೇ ಅಲ್ಲ. ಅಂಗಡಿಗೆ ಸರಕು ಒಂದು ತಿಂಗಳು ಹೆಚ್ಚು, ಒಂದು ತಿಂಗಳು ಕಡಿಮೆ ಬರುವ ಹಾಗೆ. ಆರ್‌ಎಸ್ ಒಫಿಯುಚಿ 1958, 1967, 1985, 2006, 2021ರಲ್ಲಿ ಸಿಡಿಯಿತು. ಅಂತರ ನೋಡಿ: 9, 18, 21, 15 ವರ್ಷ. ಟಿ ಕೊರೋನೆ ಸಿಡಿದದ್ದು 1866 ಮತ್ತು 1946ರಲ್ಲಿ. ಎರಡೇ ದಾಖಲೆಯಿಂದ ತಾರೀಕು ಹೇಳುವುದು ಹೇಗೆ?

ನಮ್ಮವರ ಕೆಲಸ
ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಜಿ.ಸಿ. ಅನುಪಮಾ ಮತ್ತು ಟಿ.ಪಿ. ಪ್ರಭು, ಆರ್‌ಎಸ್ ಒಫಿಯುಚಿಯ 1985ರ ಸ್ಫೋಟವನ್ನು ತಮಿಳುನಾಡಿನ ಕಾವಲೂರು ವೀಕ್ಷಣಾಲಯದಿಂದ ಅಧ್ಯಯನ ಮಾಡಿದರು. ಅನುಪಮಾ ಮುಂದೆ ಇಂಥ ನಕ್ಷತ್ರಗಳ ಮೌನದ ಅವಧಿಯ ಬಗ್ಗೆಯೂ ಸಂಶೋಧನೆ ಮಾಡಿದ್ದಾರೆ. ವಿಜ್ಞಾನ ಓದುವ ನಮ್ಮ ಮಕ್ಕಳಿಗೆ ಇದೂ ಒಂದು ದಾರಿ.

ನೋಡುವುದು ಹೇಗೆ?
ಟಿ ಕೊರೋನೆ ಇರುವುದು ಅರ್ಧ ಬಳೆಯಂತಿರುವ ಉತ್ತರ ಕಿರೀಟ ನಕ್ಷತ್ರಪುಂಜದಲ್ಲಿ. ಅದರ ಪ್ರಕಾಶಮಾನ ನಕ್ಷತ್ರ ಅಲ್ಫೆಕ್ಕಾದ ಹೆಸರು ಅರಬಿಯಿಂದ ಬಂದದ್ದು. ಸಿಡಿದಾಗ ಟಿ ಕೊರೋನೆ ಹೆಚ್ಚುಕಡಿಮೆ ಅಷ್ಟೇ ಹೊಳೆಯುತ್ತದೆ, ಕೆಲವೇ ದಿನಗಳಲ್ಲಿ ಮತ್ತೆ ಬರಿಗಣ್ಣಿಗೆ ಮರೆಯಾಗುತ್ತದೆ. ಜೂನ್ ಬಂದರೆ ಇಲ್ಲಿ ವೆಳ್ಳಮುಂಡದಲ್ಲಿ ಮಳೆಮೋಡ. ಹಾಗಾಗಿ ಮೇ ತಿಂಗಳಲ್ಲಿ ಇಶಾ ಮುಗಿಸಿ ಮನೆಗೆ ಬರುವಾಗ ಈಶಾನ್ಯ ದಿಕ್ಕಿಗೆ ನೋಡಿ, ಆ ಬಳೆಯನ್ನು ಗುರುತು ಮಾಡಿಟ್ಟುಕೊಳ್ಳಿ. ಗುರುತಿದ್ದರೆ ಮಾತ್ರ ಹೊಸ ಚುಕ್ಕಿ ಬಂದದ್ದು ಗೊತ್ತಾಗುತ್ತದೆ.