ಹಡಗಿನ ದರ್ಜೆ: ಖಾಸಗಿ ನಿಯಮ, ಸರ್ಕಾರಿ ಅಧಿಕಾರ

ಹಡಗೊಂದು ಸಮುದ್ರಯಾನಕ್ಕೆ ಯೋಗ್ಯವೇ ಎಂದು ನಿರ್ಧರಿಸುವ ಪದ್ಧತಿಯನ್ನು ರೂಪಿಸಿದವರು ವಿಮೆಗಾರರು. ಲಂಡನ್ನಿನ ಎಡ್ವರ್ಡ್ ಲಾಯ್ಡ್‌ನ ಕಾಫಿ ಅಂಗಡಿಯಲ್ಲಿ ಸೇರುತ್ತಿದ್ದವರು 1760ರಲ್ಲಿ ಸಂಘ ಕಟ್ಟಿಕೊಂಡು, 1764ರಲ್ಲಿ ಹಡಗುಗಳ ಸ್ಥಿತಿ ತಿಳಿಸುವ ಪುಸ್ತಕ ಅಚ್ಚುಹಾಕಿಸಿದರು. ಹಡಗಿನ ಒಡಲಿಗೆ ಎ, ಇ, ಐ, ಒ, ಯು ಎಂಬ ಐದು ದರ್ಜೆಗಳು. ಸಲಕರಣೆಗಳಿಗೆ ಉತ್ತಮ, ಮಧ್ಯಮ, ಕಳಪೆ ಎಂಬ ಮೂರು. ದಂಡ ವಿಧಿಸುವ ಅಧಿಕಾರ ಸಂಘಕ್ಕಿರಲಿಲ್ಲ. ಆದರೆ ಕೆಳದರ್ಜೆಯ ಹಡಗಿಗೆ ವಿಮೆ ದುಬಾರಿಯಾಗುತ್ತಿತ್ತು, ಸರಕು ಸಿಗುವುದು ಕಷ್ಟವಾಗುತ್ತಿತ್ತು. ಹೀಗಾಗಿ ಮಾಲೀಕರು ನಿಯಮಕ್ಕೆ ಬಗ್ಗಿದರು. 1828ರಲ್ಲಿ ಆಂಟ್‌ವರ್ಪ್‌ನಲ್ಲಿ ಬ್ಯೂರೋ ವೆರಿಟಾಸ್ ಹುಟ್ಟಿತು. ಬೇರೆ ದೇಶಗಳಲ್ಲೂ ಇಂಥ ಸಂಸ್ಥೆಗಳು ಬೆಳೆದವು.

ಕಾನೂನು ಈ ಕ್ಷೇತ್ರಕ್ಕೆ ಕಾಲಿಟ್ಟಿದ್ದು ನಿಧಾನವಾಗಿ. ಅತಿಭಾರ ಹೇರಿದ ಹಡಗುಗಳ ವಿರುದ್ಧ ಬ್ರಿಟಿಷ್ ಸಂಸದ ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ನಡೆಸಿದ ಹೋರಾಟದ ಫಲವಾಗಿ 1876ರ ಕಾಯ್ದೆ ಹಡಗಿನ ಬದಿಗೆ ಭಾರಮಿತಿಯ ಗುರುತನ್ನು ಕಡ್ಡಾಯಗೊಳಿಸಿತು. ಗುರುತು ಎಷ್ಟು ಎತ್ತರದಲ್ಲಿರಬೇಕೆಂಬುದು ಮಾತ್ರ ಮಾಲೀಕರ ಮರ್ಜಿಗೆ ಉಳಿಯಿತು. ಆ ಲೋಪವನ್ನು ಸರಿಪಡಿಸಿದ್ದು 1890ರ ಕಾಯ್ದೆ. ಕಾಫಿ ಅಂಗಡಿಯ ಆ ಸಂಘದಿಂದ ಬೆಳೆದ ಲಾಯ್ಡ್ಸ್ ರಿಜಿಸ್ಟರ್ ಮೊದಲೇ ಸಿದ್ಧಪಡಿಸಿದ್ದ ಲೆಕ್ಕದ ಕೋಷ್ಟಕಗಳು ಇದಕ್ಕೆ ನೆರವಾದವು. ಇಂದಿಗೂ ವೃತ್ತವೊಂದನ್ನು ಅಡ್ಡಗೆರೆ ಸೀಳುವ ಆ ಗುರುತಿನ ಎರಡು ಬದಿಗಳಲ್ಲಿ ಎಲ್, ಆರ್ ಎಂಬ ಅಕ್ಷರಗಳಿದ್ದರೆ, ಮಿತಿ ಗೊತ್ತುಮಾಡಿದ್ದು ಆ ಸಂಸ್ಥೆ ಎಂದರ್ಥ.

ಟೈಟಾನಿಕ್ ದುರಂತದ ನಂತರ 1914ರಲ್ಲಿ ಸಮುದ್ರ ಸುರಕ್ಷತೆಯ ಮೊದಲ ಅಂತರರಾಷ್ಟ್ರೀಯ ಒಪ್ಪಂದವಾಯಿತು. ಹಡಗು ಯಾವ ದೇಶದ ಧ್ವಜ ಹಾರಿಸುತ್ತದೋ ಆ ದೇಶವೇ ಅದಕ್ಕೆ ಹೊಣೆ. ಆದರೆ ಜಗತ್ತಿನ ಎಲ್ಲ ಬಂದರುಗಳಲ್ಲಿ ಸ್ವಂತ ಸರ್ವೇಯರ್‌ಗಳನ್ನು ಇಡಲು ಸರ್ಕಾರಗಳಿಗೆ ಆಗದು. ಅದಕ್ಕಾಗಿ ತಪಾಸಣೆ ನಡೆಸಿ ಪ್ರಮಾಣಪತ್ರ ಕೊಡುವ ಅಧಿಕಾರವನ್ನು ಅವು ದರ್ಜೆ ನೀಡುವ ಈ ಸಂಸ್ಥೆಗಳಿಗೇ ವಹಿಸಿದವು. ಭಾರತದಲ್ಲಿ 1975ರಲ್ಲಿ ಸ್ಥಾಪನೆಯಾದ ಇಂಡಿಯನ್ ರಿಜಿಸ್ಟರ್ ಆಫ್ ಶಿಪ್ಪಿಂಗ್ ಈ ಕೆಲಸ ಮಾಡುತ್ತದೆ.

ತಪಾಸಣೆಯ ಶುಲ್ಕ ತೆರುವವನು ಹಡಗಿನ ಮಾಲೀಕನೇ ಆಗಿರುವುದು ಈ ವ್ಯವಸ್ಥೆಯ ದೌರ್ಬಲ್ಯ. 1978ರಲ್ಲಿ ಅಮೋಕೊ ಕಾಡಿಜ್ ತೈಲ ಹಡಗು ಫ್ರಾನ್ಸ್ ಕರಾವಳಿಯಲ್ಲಿ ನೆಲಕಚ್ಚಿದ ಮೇಲೆ, 1982ರ ಪ್ಯಾರಿಸ್ ಒಪ್ಪಂದದ ಮೂಲಕ ಐರೋಪ್ಯ ದೇಶಗಳು ತಮ್ಮ ಬಂದರಿಗೆ ಬರುವ ವಿದೇಶಿ ಹಡಗುಗಳನ್ನು ಒಟ್ಟಾಗಿ ತಪಾಸಿಸತೊಡಗಿದವು. ದೋಷ ಕಂಡರೆ, ಪ್ರಮಾಣಪತ್ರವಿದ್ದರೂ ಹಡಗನ್ನು ತಡೆಹಿಡಿಯಬಹುದು. ಹಿಂದೂ ಮಹಾಸಾಗರ ವಲಯದ ಇಂಥದೇ ಒಪ್ಪಂದದಲ್ಲಿ ಭಾರತವೂ ಇರುವುದರಿಂದ ನವ ಮಂಗಳೂರು ಬಂದರಿಗೂ ಈ ಕ್ರಮ ಅನ್ವಯಿಸುತ್ತದೆ.

1999ರ ಡಿಸೆಂಬರಿನಲ್ಲಿ ಮಾಲ್ಟಾ ಧ್ವಜದ ಎರಿಕಾ ಹಡಗು ಬ್ರಿಟನಿ ತೀರದಾಚೆ ಎರಡು ತುಂಡಾಯಿತು. ಅದಕ್ಕೆ ದರ್ಜೆ ನೀಡಿದ್ದ ಇಟಲಿಯ ರೀನಾ ಸಂಸ್ಥೆಯನ್ನೂ ಫ್ರಾನ್ಸಿನ ನ್ಯಾಯಾಲಯ 2008ರಲ್ಲಿ ತಪ್ಪಿತಸ್ಥ ಎಂದು ಘೋಷಿಸಿತು. ಅಲ್ಲಿನ ಅತ್ಯುನ್ನತ ನ್ಯಾಯಾಲಯ 2012ರಲ್ಲಿ ಅದನ್ನು ಎತ್ತಿಹಿಡಿಯಿತು. ಸರ್ಕಾರದ ಪರವಾಗಿ ಪ್ರಮಾಣಪತ್ರ ಕೊಟ್ಟ ಮಾತ್ರಕ್ಕೆ ಖಾಸಗಿ ಸಂಸ್ಥೆ ಹೊಣೆಯಿಂದ ನುಣುಚಿಕೊಳ್ಳಲಾಗದು ಎಂಬುದು ಇದರಿಂದ ಸ್ಪಷ್ಟವಾಯಿತು.